ಹಲ್ಲಿನ ದ್ವೈತಾದ್ವೈತ ವಿಚಾರ

ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ ದಿನಕ್ಕೆ ನೂರು ಸಲ ಮುಟ್ಟಿ ನೋಡುತ್ತದೆ. ಸಕಲ ದರ್ಶನಗಳಿಗೂ ಇದೇ ಮೂಲವೆಂದು ಪ್ರಸ್ತುತ ಪ್ರಬಂಧಕಾರನ ನಿಲುವು. ಈತನ ಕೆಳದವಡೆಯ ಎಡಹಲ್ಲೊಂದು ಗಣೇಶನ ಹಬ್ಬದ ಚಕ್ಕುಲಿಯೊಡನೆ ವಾದಕ್ಕಿಳಿದು ಸೋತಿತು. ಏಕದಂತನ ಹಬ್ಬದಲ್ಲೇ ಇದು ನಡೆದದ್ದು ಆಕಸ್ಮಿಕವಲ್ಲ. ಆನೆಯ ದಂತವೂ ಬಾಚಿಹಲ್ಲೇ ಎಂದು ಪ್ರಾಣಿಶಾಸ್ತ್ರಜ್ಞರು ಒಪ್ಪಿದ್ದಾರೆ.

ಮೊದಲು ಶಾಸ್ತ್ರಾಧಾರ. ದಕ್ಷಯಜ್ಞದಲ್ಲಿ ಹಲ್ಲು ಕಿರಿದು ನಕ್ಕ ಪೂಷನ ಹಲ್ಲುಗಳನ್ನು ವೀರಭದ್ರನು ಉದುರಿಸಿದನು. ಬಳಿಕ ಸಿಕ್ಕ ಪರಿಹಾರವೇನು? ಭಾಗವತದ ಪ್ರಕಾರ, ಯಜಮಾನನ ಹಲ್ಲಿನಿಂದ ಅಗಿ, ಹಿಟ್ಟು ತಿಂದುಕೊಂಡಿರು! ವಿಶ್ಪಲೆಗೆ ಕಬ್ಬಿಣದ ಕಾಲು ಕೊಟ್ಟರೆಂದು ಋಗ್ವೇದ ಹೊಗಳುವ ಅಶ್ವಿನೀದೇವತೆಗಳು, ಪಕ್ಕದಲ್ಲೇ ಕೂರುವ ದೇವತೆಯ ಬಾಯಿಗೆ ಮಾತ್ರ ಕೈ ಹಾಕಲಿಲ್ಲ. ಖರ್ಚು ಕೇಳಿ ಪೂಷನೇ ಎದ್ದುಹೋಗಿರಬಹುದು.

ಇನ್ನು ಮತಗಳು ಮೂರು. ಸೆಟ್ ಹಾಕಿಸಿದವರು ದ್ವೈತಿಗಳು: ಬಾಯಿ ಬೇರೆ, ಹಲ್ಲು ಬೇರೆ, ರಾತ್ರಿಯಾದರೆ ಭೇದವು ಲೋಟದ ನೀರಿನಲ್ಲಿ ಪ್ರತ್ಯಕ್ಷ. ಬ್ರಿಡ್ಜ್ ವಿಶಿಷ್ಟಾದ್ವೈತ: ನಡುವಿನ ಹಲ್ಲು ಬೇರೆಯೂ ಹೌದು, ಅಕ್ಕಪಕ್ಕದವರನ್ನು ಬಿಟ್ಟಿರಲಾರದ್ದೂ ಹೌದು, ಆದರೆ ಏನೂ ತಪ್ಪು ಮಾಡದ ಆ ಇಬ್ಬರನ್ನೂ ಅರೆದು ಬೋಳಿಸಬೇಕು. ಇಂಪ್ಲಾಂಟ್ ಶುದ್ಧ ಅದ್ವೈತ.

ಅದರ ಆಚಾರ್ಯರು ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್. 1952ರಲ್ಲಿ ಇವರು ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂನ ಪುಟ್ಟ ಸಾಧನವೊಂದನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ, ಹಬ್ಬಕ್ಕೆ ಬಂದ ನೆಂಟನಂತೆ ಅದು ಏಳಲೇ ಇಲ್ಲ. ಮೂಳೆ ಅದನ್ನು ತನ್ನದೆಂದೇ ಅಪ್ಪಿಕೊಂಡಿತ್ತು. ವೈದ್ಯರು ಇದನ್ನು ಆಸಿಯೋಇಂಟಿಗ್ರೇಷನ್ ಎನ್ನುತ್ತಾರೆ, ನಾವು ಸಾಯುಜ್ಯವೆನ್ನೋಣ. 1965ರಲ್ಲಿ ಮೊದಲ ಮನುಷ್ಯನಿಗೆ ಕೂರಿಸಿದ ಸ್ಕ್ರೂಗಳು ಆತ ತೀರಿಕೊಳ್ಳುವವರೆಗೆ, ಸುಮಾರು 40 ವರ್ಷ, ಅಲುಗಾಡಲಿಲ್ಲ. ಎಷ್ಟೋ ಮದುವೆಗಳ ಬಗ್ಗೆ ಹೀಗೆ ಹೇಳಲಾಗದು.

ಇಲ್ಲಿ ದ್ವೈತಿಗಳ ಆಕ್ಷೇಪವೊಂದಿದೆ, ಬಲವಾದದ್ದು. ಗಾಳಿ ಸೋಕಿದೊಡನೆ ಟೈಟಾನಿಯಂ ಮೈಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟಿಕೊಳ್ಳುತ್ತದೆ. ಮೂಳೆ ಅಪ್ಪುವುದು ಆ ಪೊರೆಯನ್ನೇ ಹೊರತು ಲೋಹವನ್ನಲ್ಲ. ಹಾಗಾದರೆ ಐಕ್ಯವೆಲ್ಲಿ? ಸಿದ್ಧಾಂತಿಯ ಉತ್ತರ: ಪೊರೆ ಮಾಯೆ, ಬಿಲ್ಲು ಸತ್ಯ.

ಸಾಯುಜ್ಯಕ್ಕೆ ಸಾಧನಾಕಾಲ ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಮೇಲಿನದರಲ್ಲಿ ಇನ್ನೂ ಹೆಚ್ಚು. ಆಮೇಲಷ್ಟೇ ಕ್ಯಾಪ್ ಪ್ರಾಪ್ತಿ. ಅಲ್ಲಿಯವರೆಗೆ ಆ ಕಡೆ ಗಟ್ಟಿಯದನ್ನು ಅಗಿಯುವಂತಿಲ್ಲ. ಬಲಗಡೆ ಅಗಿಯಬಹುದಲ್ಲ ಎಂದರೆ, ಅಲ್ಲಿನವು ಕಾಫಿಗೂ ಜುಮ್ಮೆನ್ನುತ್ತವೆ.

ಇದರಿಂದ ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಗೆ ಮೂರನೆಯ ಸ್ಥಿತಿಯೊಂದನ್ನು ಸೇರಿಸಬೇಕಾಗಿದೆ: ಕಡಲೆಯೂ ಇದೆ, ಹಲ್ಲಿನ ಬೇರೂ ಇದೆ, ಅಪ್ಪಣೆಯಿಲ್ಲ. ಪ್ರಬಂಧಕಾರನಿಗೆ ಸ್ಕ್ರೂ ಬಿದ್ದದ್ದು ದೀಪಾವಳಿಯ ವಾರ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಗಾದೆಯ ಕಡಲೆ ಬೇರೆ, ದಕ್ಷಿಣ ಅಮೆರಿಕದಿಂದ ಬಂದ ಕಡಲೆಕಾಯಿ ಬೇರೆ ಎಂದು ಈತ ಮನೆಯಲ್ಲಿ ವಾದ ಹೂಡಿ ನೋಡಿದ. ಮನೆಯವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಂದಿದ್ದ ಎರಡು ಸೇರನ್ನೂ ಸುಲಿದು ಹುರಿದು, ತನ್ನ ಪಾಲು ತೆಗೆದಿಟ್ಟುಕೊಂಡು, ಉಳಿದದ್ದನ್ನು ಪೂಷನ ಪಾಲೆಂದು ಮಿಕ್ಸಿಗೆ ಹಾಕಿದಳು.