ಆಲೂಗಡ್ಡೆ ತೋಪಿನ ಪಿಸ್ಟನ್ ಪ್ರಮಾಣ ನಿರ್ಣಯ: ಸಗರನಾಡಿನ ಸಂದರ್ಭದಲ್ಲಿ ಒಂದು ಮೀಮಾಂಸೆ

1705ರಲ್ಲಿ ಔರಂಗಜೇಬನು ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ತಾನೇ ಬಂದು ಮುತ್ತಿಗೆ ಹಾಕಿದ ಪ್ರಸಂಗವನ್ನು ಹೊಕ್ಕ ವಿದ್ವಾಂಸರು ಮದ್ದಿನ ಹೊಗೆಯಲ್ಲೇ ಕಣ್ಣುಜ್ಜಿಕೊಳ್ಳುತ್ತ ನಿಂತುಬಿಡುವುದರಿಂದ, ಹೊಗೆಯೇ ಇಲ್ಲದ ಆಲೂಗಡ್ಡೆ ತೋಪಿನ ವಿಷಯವು ಶಾಸ್ತ್ರಗ್ರಂಥಗಳಲ್ಲಿ ಅನಾಥವಾಗಿದೆ. ಕೊಳವೆಯ ಬಾಯಿಗೆ ಆಲೂಗಡ್ಡೆಯನ್ನು ತುರುಕಿ, ಹಿಂದಿನ ಗಾಳಿಕೋಶದಲ್ಲಿ ಒತ್ತಿ ತುಂಬಿದ ಗಾಳಿಯನ್ನು ಒಮ್ಮೆಲೇ ಬಿಟ್ಟು ಎಸೆಯುವ ಯಂತ್ರವೇ ಆಲೂಗಡ್ಡೆ ತೋಪು. ಭೀಮಾ ಕೃಷ್ಣೆಯರ ನಡುವಿನ ಸಗರನಾಡಿನ ಕಪ್ಪು ನೆಲವು ತೊಗರಿ, ಹತ್ತಿ, ಜೋಳಗಳಿಗೆ ಒಲಿದದ್ದಾಗಿ, ಆಲೂಗಡ್ಡೆಗೆ ಹೆಸರಾದ ಹಾಸನವು ರಾಜ್ಯದ ಇನ್ನೊಂದು ತುದಿಯಲ್ಲಿರುವುದರಿಂದ, ಯಾದಗಿರಿಯ ಗೋಲಂದಾಜನು ಮದ್ದುಗುಂಡಿಗಾಗಿ ಸಂತೆಯ ದಿನವನ್ನು ಕಾಯಬೇಕಾಗುತ್ತದೆ ಎಂಬುದು ಇಲ್ಲಿ ಗೌಣ.

ಮುಖ್ಯ ಪ್ರಶ್ನೆ ಪಿಸ್ಟನ್ನಿನದು. ನಳಿಗೆಯ ಹಿಂಬಾಯಿಗೆ ಬಿರಡೆಯಂತೆ ಒತ್ತಿ ಕೂತಿರುವ ಈ ಪಿಸ್ಟನ್ನಿನ ಬೆನ್ನಿಗೊಂದು ಕಿರುಕೋಣೆಯಿದ್ದು, ಅಲ್ಲಿನ ಗಾಳಿಯನ್ನು ಹೊರಬಿಟ್ಟರೆ ಗಾಳಿಕೋಶದ ಒತ್ತಡವು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ದಾರಿ ತೆರೆಯುತ್ತದೆ. ತಾನು ಮುಚ್ಚಿದ ಬಾಯಿಗಿಂತ ಪಿಸ್ಟನ್ ದಪ್ಪವಾಗಿರಲೇಬೇಕು. ಏಕೆಂದರೆ ಬಾಯಿಯಿಂದಾಚೆ ಚಾಚಿಕೊಂಡ ಬಳೆಯಾಕಾರದ ಅಂಚಿನ ಮೇಲಷ್ಟೇ ಒತ್ತಡಕ್ಕೆ ಹಿಡಿತ ಸಿಗುತ್ತದೆ. ಬಾಯಿ 5 ಸೆಂಟಿಮೀಟರ್, ಪಿಸ್ಟನ್ 6 ಸೆಂಟಿಮೀಟರ್ ಇದ್ದರೆ ಕಿರುಕೋಣೆಯ ಒತ್ತಡವು ಗಾಳಿಕೋಶದ ಒತ್ತಡದ ಶೇ. 31ಕ್ಕೆ ಇಳಿಯುವವರೆಗೆ ಪಿಸ್ಟನ್ ಮಿಸುಕದು. 7 ಆದರೆ ಸುಮಾರು ಶೇ. 49ಕ್ಕೇ ಎದ್ದೇಳುತ್ತದೆ. ಹಾಗಾದರೆ ಇನ್ನೂ ದಪ್ಪಗಾಗಲಿ ಎನ್ನುವ ಸ್ಥೂಲವಾದಿಗಳಿಗೆ, ದಪ್ಪವಾದಷ್ಟೂ ತೂಕ ಹೆಚ್ಚಿ, ಕಿರುಕೋಣೆಯೂ ಹಿಗ್ಗಿ, ಅದನ್ನು ಬರಿದು ಮಾಡಲು ಹೊತ್ತು ಹಿಡಿಯುತ್ತದೆಂದು ಕೃಶವಾದಿಗಳು ಉತ್ತರಿಸುತ್ತಾರೆ. ಎಷ್ಟು ಹಿಂದೆ ಸರಿಯಬೇಕು ಎಂಬಲ್ಲಿ ಮಾತ್ರ ಜಗಳವಿಲ್ಲ: ಬಾಯಿಯ ವ್ಯಾಸದ ಕಾಲುಭಾಗ, ಅಂದರೆ 1.25 ಸೆಂಟಿಮೀಟರ್ ಸರಿದರೆ ಸುತ್ತಲಿನ ಸಂದಿಯ ವಿಸ್ತೀರ್ಣವು ಬಾಯಿಯ ವಿಸ್ತೀರ್ಣಕ್ಕೆ ಸಮವಾಗುವುದರಿಂದ, ಅದಕ್ಕಿಂತ ಹೆಚ್ಚು ಸರಿಯುವುದು ಬರೀ ಆಡಂಬರ. ನೀರಿನ ಪ್ಲಾಸ್ಟಿಕ್ ಪೈಪಿನ ಮೇಲೆ ಅಚ್ಚಾದ ಒತ್ತಡದ ಅಂಕಿಯು ನೀರಿಗೆ ಹೇಳಿದ್ದೇ ಹೊರತು ಗಾಳಿಗಲ್ಲವಾಗಿ, ಗಾಳಿ ತುಂಬಿದ ಪೈಪು ಒಡೆದರೆ ಚೂರುಗಳು ಮೈಗೆ ನಾಟುವುದರಿಂದ, ಈ ಸಿದ್ಧಾಂತವು ಕಾಗದದ ಮೇಲೆಯೇ ಉಳಿಯತಕ್ಕದ್ದು.

ಇನ್ನು ಪೂರ್ವಪಕ್ಷ. ತೆನೆಯಲ್ಲಿ ಹಾಲು ತುಂಬುವ ದಿನಗಳಲ್ಲಿ ಜೋಳದ ಹೊಲದ ಅಟ್ಟಣಿಗೆ ಏರಿ, ಕವಣೆಗೆ ಒಂದು ಹರಳು ಇಟ್ಟು ಬೀಸಿ ಹಕ್ಕಿ ಎಬ್ಬಿಸುವ ಶಹಾಪುರದ ರೈತ ಅಜ್ಜನು, ಪಿಸ್ಟನ್ ಯಾತಕ್ಕೆ ಎಂದು ಕೇಳಿಯಾನು. ಈ ಆಕ್ಷೇಪವನ್ನು ಲೆಕ್ಕದಿಂದಲೇ ಎದುರಿಸುವುದು ಲೇಸು. ಹತ್ತು ಲೀಟರ್ ಗಾಳಿಕೋಶವನ್ನು ಹೊರಗಿನ ಗಾಳಿಯ ಒತ್ತಡದ ಐದು ಪಟ್ಟಿಗೆ ತರಲು ಇನ್ನೂ 40 ಲೀಟರ್ ಹೊರಗಾಳಿ ಬೇಕು. 3 ಸೆಂಟಿಮೀಟರ್ ಒಳವ್ಯಾಸದ, 35 ಸೆಂಟಿಮೀಟರ್ ಎಳೆತದ ಸೈಕಲ್ ಪಂಪು ಒಂದು ಸಲಕ್ಕೆ ಕಾಲು ಲೀಟರ್ ನೂಕುವುದರಿಂದ, ವಾಷರ್ ಸೋರದಿದ್ದರೆ ಒಂದು ಆಲೂಗಡ್ಡೆಗೆ ಸುಮಾರು 160 ಸಲ ಪಂಪು ಹೊಡೆಯಬೇಕು. ಅಷ್ಟರಲ್ಲಿ ಗಿಳಿವಿಂಡು ಒಂದು ಸಾಲು ಮುಗಿಸಿ ಮುಂದಿನ ಸಾಲಿಗೆ ಹೋಗಿರುತ್ತದೆಂಬುದು ಯಂತ್ರದ ದೋಷವಲ್ಲ, ಗಿಳಿಗಳ ಅಸಹನೆ. ಪಂಪು ಹೊಡೆಯಬಲ್ಲ ತೋಳುಗಳು ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ಸಿಮೆಂಟು ಹೊರುತ್ತಿರುವುದರಿಂದ, ಸದ್ಯಕ್ಕೆ ಪಿಸ್ಟನ್ ಎಷ್ಟು ಸರಿಯಬೇಕೆಂಬುದು ನಿರ್ಣಯವಾಗಿದ್ದರೂ ಪಂಪಿನ ಹಿಡಿಕೆ ಯಾರ ಕೈಗೆ ಎಂಬ ಅಧಿಕರಣವನ್ನು ಅಟ್ಟಣಿಗೆಯ ಮೇಲಿನ ಅಜ್ಜನ ವಿವೇಚನೆಗೆ ಬಿಡಲಾಗಿದೆ.