ಮುನ್ನುಡಿ ಸಿಕ್ಕಿತು, ಇನ್ನು ಕಥೆ ತಿದ್ದೋದು ಯಾವಾಗ?

ಬರೆಯುವ ಚಪಲ ಹತ್ತಿದವರ ಕೆಲಸದ ಪಟ್ಟಿ ನೋಡಬೇಕು ನೀವು. ಮೊದಲು ಕಾವ್ಯನಾಮ. ಊರಿನ ಹೆಸರು ಮುಂದಿರಬೇಕೋ ಹಿಂದಿರಬೇಕೋ ಎಂಬ ಜಿಜ್ಞಾಸೆಗೇ ಒಂದು ವಾರ. ಆಮೇಲೆ ಮುನ್ನುಡಿ ಯಾರದು, ಬೆನ್ನುಡಿ ಯಾರದು, ಬಿಡುಗಡೆ ನಯನ ಸಭಾಂಗಣದಲ್ಲೋ ಪರಿಷತ್ತಿನಲ್ಲೋ, ಬಂದವರಿಗೆ ಖಾರಾಬಾತ್ ಸಾಕೋ ಜೊತೆಗೆ ಕೇಸರಿಬಾತೂ ಬೇಕೋ. ಇಷ್ಟೆಲ್ಲ ಮುಗಿದು ಪುರುಸೊತ್ತು ಸಿಕ್ಕರೆ ಕಥೆ. ಕಥೆ ಬರೆದೂ ಪುರುಸೊತ್ತು ಉಳಿದರೆ ತಿದ್ದುವುದು. ಹಾಗೆ ಉಳಿದ ಉದಾಹರಣೆ ನನಗಂತೂ ಸಿಕ್ಕಿಲ್ಲ.

‘ಒಂದ್ಸಲ ತಿದ್ದಿ ನೋಡಿದ್ರಾ?’ ಅಂತ ಕೇಳಿ. ಮಗುವಿನ ಮೂಗು ಕೊಯ್ಯಲು ಹೇಳಿದಂತೆ ಮುಖ ಮಾಡುತ್ತಾರೆ. ‘ಇಲ್ಲ ಸಾರ್, ಅದು ಹಾಗೇ ಒಳಗಿಂದ ಹರಿದು ಬಂತು.’ ಹರಿದು ಬಂದದ್ದನ್ನು ಮುಟ್ಟಬಾರದಂತೆ! ಹೆಮಿಂಗ್ವೇ ಪಾಪ, ಅಷ್ಟು ಭಾಗ್ಯವಂತನಲ್ಲ. ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಎಂದು ಸಂದರ್ಶನವೊಂದರಲ್ಲಿ ಹೇಳಿಕೊಂಡ. ಜಂಬ ಕೊಚ್ಚಿದ್ದಾನೆ ಎಂದುಕೊಳ್ಳಬೇಡಿ. 2012ರಲ್ಲಿ ಆ ಕಾದಂಬರಿಯ ಹೊಸ ಆವೃತ್ತಿ ಬಂದಾಗ ಅವನ ಕಾಗದಪತ್ರಗಳಿಂದ ಹೆಕ್ಕಿದ 47 ಮುಕ್ತಾಯಗಳನ್ನು ಅದರಲ್ಲಿ ಅಚ್ಚು ಹಾಕಿದರು. ಮನುಷ್ಯ ಕಡಿಮೆಯೇ ಹೇಳಿದ್ದ.

ನಮ್ಮವರ ವಿಷಯಕ್ಕೆ ಬನ್ನಿ. ವಿಶೇಷಾಂಕದ ಕಥಾಸ್ಪರ್ಧೆಗೆ ಕೊನೆಯ ದಿನ ಸಂಜೆ ಹೊರಡುವ ಕಥೆಯೊಂದು ಬಹುತೇಕ ಹೀಗೆ ಶುರುವಾಗುತ್ತದೆ:

‘ಅಂದು ಮುಂಜಾನೆಯ ರಮ್ಯ ಸಮಯ. ಪೂರ್ವದಿಗಂತದಲ್ಲಿ ಬಾಲಸೂರ್ಯನು ಹೊಂಗಿರಣಗಳನ್ನು ಚೆಲ್ಲುತ್ತಾ ಮೆಲ್ಲಮೆಲ್ಲನೆ ಮೇಲೇರತೊಡಗಿದ್ದನು. ಹಕ್ಕಿಗಳ ಚಿಲಿಪಿಲಿ ಎಲ್ಲೆಡೆ ಮಾರ್ದನಿಸುತ್ತಿತ್ತು. ಇಂತಹ ಸಮಯದಲ್ಲಿ ಸುಮಾ ಭಾರವಾದ ಹೃದಯದಿಂದ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುತ್ತಾ ನಿಂತುಕೊಂಡಿದ್ದಳು. ಅವಳ ಕೈಯಲ್ಲಿ ಅಪ್ಪನ ಹಳೆಯ ಸೂಟ್‌ಕೇಸು ಇತ್ತು.’

ಪೆನ್ನು ತಗೊಳ್ಳಿ. ಸೂರ್ಯ ಪೂರ್ವದಲ್ಲೇ ಹುಟ್ಟುತ್ತಾನೆಂಬ ಸುದ್ದಿ ಓದುಗನಿಗೆ ಈಗಾಗಲೇ ತಲುಪಿದೆ, ಹೊಡೆಯಿರಿ. ಮೆಜೆಸ್ಟಿಕ್ಕಿನಲ್ಲಿ ಚಿಲಿಪಿಲಿ ಮಾರ್ದನಿಸಿದ್ದನ್ನು ಕೇಳಿದ ಪುಣ್ಯಾತ್ಮ ಯಾರು? ಹೊಡೆಯಿರಿ. ಬಸ್ ನಿಲ್ದಾಣದಲ್ಲಿ ಬಸ್ಸಿಗಲ್ಲದೆ ಹಡಗಿಗೆ ಕಾಯುತ್ತಾರೆಯೇ? ‘ಭಾರವಾದ ಹೃದಯ’ ಬರೆದಾಗ ಕೈ ಸ್ವಲ್ಪ ನಡುಗಿರಬೇಕು, ಕಣ್ಣೂ ಒದ್ದೆಯಾಗಿರಬೇಕು. ಆದರೂ ಹೊಡೆಯಿರಿ, ಸೂಟ್‌ಕೇಸು ಆ ಕೆಲಸ ಮಾಡುತ್ತಿದೆ. ಉಳಿದದ್ದು ಇಷ್ಟು: ‘ಸುಮಾ ಮೆಜೆಸ್ಟಿಕ್ಕಿನಲ್ಲಿ ನಿಂತಿದ್ದಳು. ಕೈಯಲ್ಲಿ ಅಪ್ಪನ ಸೂಟ್‌ಕೇಸು.’ ಈಗ ಓದುಗನಿಗೆ ಅನುಮಾನ ಹತ್ತುತ್ತದೆ. ಅಪ್ಪನದು ಯಾಕೆ? ಅಪ್ಪ ಎಲ್ಲಿ? ಕೇಳಿ ತಂದಳೋ, ಕೇಳದೆ ತಂದಳೋ? ಮಹರಾಯರು ಮೂರು ಪುಟ ಬರೆದು ಹುಟ್ಟಿಸಲಾಗದ ಕುತೂಹಲ.

‘ಹಾಗಾದರೆ ವಾತಾವರಣ ಕಟ್ಟಬಾರದೇ ಸಾರ್?’ ಧಾರಾಳವಾಗಿ ಕಟ್ಟಿ. ಬೆಳಗಿನ ಆರು ಗಂಟೆಗೆ ಮೆಜೆಸ್ಟಿಕ್ಕಿನಲ್ಲಿ ನೀವೇ ಎಷ್ಟು ಸಲ ನಿಂತಿಲ್ಲ? ‘ತುಮ್ಕೂರ್ ತುಮ್ಕೂರ್ ತುಮ್ಕೂರ್’ ಎಂದು ಉಸಿರು ಕಟ್ಟಿ ಕೂಗುವ ಕಂಡಕ್ಟರು, ನೆಲದ ಮೇಲೆ ಪುರವಣಿ ಸೇರಿಸುತ್ತಾ ಕೂತ ಪೇಪರ್ ಹುಡುಗರು, ಡೀಸೆಲ್ ವಾಸನೆಯ ನಡುವೆಯೇ ಎಲ್ಲಿಂದಲೋ ಬರುವ ಫಿಲ್ಟರ್ ಕಾಫಿ ಘಮ. ಕಣ್ಣೆದುರು ಇಷ್ಟೆಲ್ಲ ಇರುವಾಗ ಎಂಟನೇ ಕ್ಲಾಸಿನ ‘ಮುಂಜಾನೆಯ ಸೊಬಗು’ ಪ್ರಬಂಧದಿಂದ ಹಕ್ಕಿ ಹಿಡಿದು ತಂದಿರಿ. ನನ್ನ ತಕರಾರು ಇದೇ. ತಪ್ಪಿದ ಕಾಗುಣಿತ ಹೇಗೋ ಸರಿಹೋದೀತು. ಯಾರೋ ನಮ್ಮೊಳಗೆ ತುರುಕಿಟ್ಟ ವಾಕ್ಯಗಳು ನಮ್ಮವೇ ಎಂಬ ಠೀವಿಯಲ್ಲಿ ಬಂದು ಕೂರುತ್ತವಲ್ಲ, ಅವನ್ನು ಗುರುತಿಸಿ ಎಬ್ಬಿಸಿ ಕಳಿಸುವುದೇ ತಿದ್ದುವ ಕೆಲಸದ ಮುಕ್ಕಾಲು ಪಾಲು.

ಗುರುತಿಸಲು ಸುಲಭದ ದಾರಿ, ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದುವುದು. ಉಸಿರು ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅಲ್ಲಿ ವಾಕ್ಯ ಉದ್ದವಾಗಿದೆ. ನಗು ಎಲ್ಲಿ ಬಂತೋ ಅಲ್ಲಿ ಸಂಭಾಷಣೆ ಇದೆ. ‘ಮಗನೇ, ನೀನು ಎಲ್ಲಿಗೆ ಹೊರಟಿರುವೆ?’ ಎಂದು ಮಂಡ್ಯದ ಗೌಡರು ಕೇಳಿದರೆ ಮಗ ಹೊರಡುವುದನ್ನೇ ಬಿಟ್ಟು ಡಾಕ್ಟರನ್ನು ಕರೆಸುತ್ತಾನೆ. ಇನ್ನು ನಾಯಕಿ ಒಂದೇ ಪುಟದಲ್ಲಿ ನುಡಿಯುತ್ತಾಳೆ, ಉಲಿಯುತ್ತಾಳೆ, ಉಸುರುತ್ತಾಳೆ, ಚೀರುತ್ತಾಳೆ; ಪಾಪದವಳು ‘ಅಂದಳು’ ಎಂಬಷ್ಟು ಸರಳವಾಗಿ ಒಮ್ಮೆಯೂ ಬಾಯಿ ತೆರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಬರೆಯುವವರು ‘ತುಂಬಾ’, ‘ಒಂದು ರೀತಿಯ’, ‘ಎಂಬುದಾಗಿ’ ಇವನ್ನು ಹುಡುಕಿಸಿ ಎಷ್ಟಿವೆ ನೋಡಲಿ. ಬಿ.ಪಿ. ಇದ್ದವರು ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳುವುದು ಒಳ್ಳೆಯದು.

ಅಷ್ಟಾದರೂ ನಮ್ಮ ದೋಷ ನಮಗೆ ಪೂರ್ತಿ ಕಾಣುವುದಿಲ್ಲ. ಈ ಮಾತು ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥದಲ್ಲೇ ಇದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ, ಕಣ್ಣಿಗೆ ತನ್ನ ಕಾಡಿಗೆಯೇ ಕಾಣದ ಹಾಗೆ ಬರೆದವನಿಗೆ ತನ್ನ ದೋಷ ಕಾಣದು ಎಂದಿದ್ದಾನೆ ಶ್ರೀವಿಜಯ. ಅಲ್ಲಿ ಅಲಂಕಾರಕ್ಕೆ ಸರದಿ ಬರುವುದು ಆಮೇಲೆ. ಮೊದಲ ಪರಿಚ್ಛೇದವೇ ದೋಷಗಳದ್ದು. ನಮ್ಮವರು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮುಗಿಸಿದರು.

ಕಾಡಿಗೆ ತೀಡಿದ್ದು ಸರಿಯಾಗಿದೆಯೇ ಎಂದು ಬೇರೆಯವರನ್ನು ಕೇಳಬೇಕು, ಸರಿ. ಯಾರನ್ನು? ಹೆಂಡತಿ ‘ಚೆನ್ನಾಗಿದೆ’ ಅಂದರೆ ಒಲೆಯ ಮೇಲೆ ಹಾಲಿದೆ ಎಂದರ್ಥ. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಓದುವ ಮೊದಲೇ ಹನ್ನೆರಡು ಜನ ಚಪ್ಪಾಳೆ ತಟ್ಟಿರುತ್ತಾರೆ. ನಾಳೆ ಅವರ ಕವನಕ್ಕೆ ನೀವು ತಟ್ಟಬೇಕಲ್ಲ. ಮೈಸೂರಿನ ಆರ್.ಕೆ. ನಾರಾಯಣರ ಅದೃಷ್ಟ ನೋಡಿ. ಮೊದಲ ಕಾದಂಬರಿಯ ಹಸ್ತಪ್ರತಿ ಹೋದಲ್ಲಿಂದೆಲ್ಲ ವಾಪಸು ಬಂದು ಬೇಸತ್ತು, ‘ಕಲ್ಲು ಕಟ್ಟಿ ಥೇಮ್ಸಿಗೆ ಎಸೆದುಬಿಡು’ ಎಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದಿದ್ದರು. ಗೆಳೆಯ ನದಿಗೆಸೆಯದೆ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಪುಸ್ತಕ ಹೊರಬಂದಾಗ ‘ಸ್ವಾಮಿ ದ ಟೇಟ್’ ಇದ್ದದ್ದು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆಗಿತ್ತು. ಲೇಖಕ ನಾರಾಯಣಸ್ವಾಮಿ ಕೂಡ ಗ್ರೀನನ ಸಲಹೆಯಂತೆ ನಾರಾಯಣ್ ಆಗಿದ್ದರು. ಹೆಸರಿಗೇ ಕತ್ತರಿ ಬಿದ್ದರೂ ಅವರು ಮುನಿಸಿಕೊಳ್ಳಲಿಲ್ಲ. ನಮ್ಮ ಉದಯೋನ್ಮುಖರಿಗೆ ‘ಆ ಎರಡನೇ ಪ್ಯಾರಾ ಬೇಡವೇನೋ’ ಅಂದು ನೋಡಿ. ಮುಂದಿನ ಗೃಹಪ್ರವೇಶಕ್ಕೆ ನಿಮಗೆ ಕರೆಯೋಲೆ ಬರುವುದಿಲ್ಲ.

ಕನ್ನಡದ ಪ್ರಕಾಶಕರಲ್ಲಿ ಹೆಚ್ಚಿನವರಿಗೆ ಸಂಪಾದಕರನ್ನು ಸಾಕುವಷ್ಟು ಅನುಕೂಲವಿಲ್ಲ. ಕರಡು ನೋಡುವವರು ಮಹಾಪ್ರಾಣ ಸರಿಪಡಿಸಿಯಾರು. ಕಥೆಗೆ ಪ್ರಾಣ ಉಂಟೋ ಇಲ್ಲವೋ ಎಂಬುದು ಅವರ ಕೂಲಿಯಲ್ಲಿ ಸೇರಿಲ್ಲ. ಹಾಗಾಗಿ ಹಸ್ತಪ್ರತಿಯನ್ನು ಒಂದೆರಡು ತಿಂಗಳು ಕಪಾಟಿನಲ್ಲಿಟ್ಟು, ಬರೆದದ್ದು ಮರೆತ ಮೇಲೆ ಯಾರದೋ ಎಂಬಂತೆ ತೆಗೆದು ಓದುವುದೇ ಬಡವನ ಸಂಪಾದಕ. ಆದರೆ ಎರಡು ತಿಂಗಳು ಕಾಯುವುದು ಹೇಗೆ? ಸಭಾಂಗಣ ಬುಕ್ ಆಗಿದೆ, ಖಾರಾಬಾತಿಗೆ ಮುಂಗಡ ಹೋಗಿದೆ.

ಬಿಡುಗಡೆಯೂ ಆಗಿಯೇ ಬಿಡುತ್ತದೆ, ಬಿಡಿ. ವಾರ ಕಳೆಯುವಷ್ಟರಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಮನೆ ಹುಡುಕಿಕೊಂಡು ಬರುತ್ತಾರೆ. ಪ್ರತಿ ಊರಿನಲ್ಲೂ ಇಂಥವರೊಬ್ಬರು ಇರುತ್ತಾರೆ. ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡವರೂ ಅವರೊಬ್ಬರೇ. ಕಾಫಿ ಕುಡಿದು ಚೀಲದಿಂದ ನಿಮ್ಮ ಪುಸ್ತಕ ತೆಗೆಯುತ್ತಾರೆ. ಮೊದಲ ಪುಟದಿಂದ ಕೊನೆಯವರೆಗೆ ಕೆಂಪು ಇಂಕು. ಬಾಲಸೂರ್ಯನಿಗೆ ಅಡ್ಡಗೆರೆ, ಚಿಲಿಪಿಲಿಗೆ ಸೊನ್ನೆ, ಸುಮಾಳ ಭಾರವಾದ ಹೃದಯದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ‘ಇಟ್ಕೊಳ್ಳಿ, ಎರಡನೇ ಮುದ್ರಣಕ್ಕೆ ಆಗುತ್ತೆ’ ಎಂದು ಕೊಟ್ಟು ಛತ್ರಿ ಎತ್ತಿಕೊಳ್ಳುತ್ತಾರೆ. ಈ ಪುಸ್ತಕಕ್ಕೆ ಎರಡನೇ ಮುದ್ರಣ ಇದೆ ಎಂದು ನಂಬಿರುವ ಇನ್ನೊಬ್ಬ ಮನುಷ್ಯ ಸಿಕ್ಕಿದರಲ್ಲ, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟು ಬನ್ನಿ.