ಮತ್ಸ್ಯವಿನೋದಕ್ಕೊಂದು ಕ್ಯಾಮೆರಾ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ ನೂರು ಅಧ್ಯಾಯಗಳಲ್ಲಿ, ಆನೆಗಳ ಲಕ್ಷಣದಿಂದ ಹಿಡಿದು ಪಾಕಶಾಸ್ತ್ರದವರೆಗೆ ಅರಸನಾದವನು ಅರಿತಿರಬೇಕಾದ ಸಮಸ್ತ ವಿಷಯಗಳೂ ನಿರೂಪಿತವಾಗಿವೆ; ‘ಮತ್ಸ್ಯವಿನೋದ’ವೆಂಬ ಭಾಗದಲ್ಲಿ ಗಾಳ ಹಾಕಿ ಮೀನು ಹಿಡಿಯುವ ಕ್ರಮವೂ, ಯಾವ ಮೀನಿಗೆ ಯಾವ ಎರೆಯೆಂಬ ವಿವೇಚನೆಯೂ ಇವೆ. ಇಷ್ಟನ್ನು ಹೇಳಿದ ಮಹಾನುಭಾವನು, ಹಿಡಿದ ಮೀನು ಇಷ್ಟು ದೊಡ್ಡದಿತ್ತೆಂದು ಬಂಧುಮಿತ್ರರನ್ನು ಒಪ್ಪಿಸುವ ಉಪಾಯವನ್ನು ಮಾತ್ರ ಹೇಳದೆ ಹೋದುದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ: ಚಕ್ರವರ್ತಿಯು ಹಿಡಿದ ಮೀನಿನ ಗಾತ್ರವನ್ನು ಕುರಿತು ಸಂಶಯ ಪಡುವ ಧೈರ್ಯ ಆಸ್ಥಾನದಲ್ಲಿ ಯಾರಿಗೂ ಇದ್ದಿರಲಾರದು. ಪ್ರಜೆಗಳಾದ ನಮ್ಮ ಪರಿಸ್ಥಿತಿ ಹಾಗಿಲ್ಲ. ನಮ್ಮ ಮಾತಿಗೆ ಸಾಕ್ಷಿ ಬೇಕು; ಅದರಲ್ಲಿಯೂ ಪೊಲೀಸ್ ತರಬೇತಿ ಶಾಲೆಯಿರುವ ಐಮಂಗಲದಂಥ ಊರಿನಲ್ಲಿ, ಸಾಕ್ಷ್ಯವಿಲ್ಲದ ಹೇಳಿಕೆ ಒಂದು ಗಳಿಗೆಯೂ ನಿಲ್ಲಲಾರದು.

ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ಹೆದ್ದಾರಿಯ ಲಾರಿಗಳ ಭೋರ್ಗರೆತವನ್ನು ಹಗಲಿರುಳೂ ಆಲಿಸುತ್ತಿರುವ ಈ ಹೋಬಳಿಯಲ್ಲಿ ಶೇಂಗಾ ಬೆಳೆಯುವವರುಂಟು, ಈರುಳ್ಳಿ ಬೆಳೆದು ಬೆಲೆಗಾಗಿ ಕಾಯುವವರುಂಟು, ಮಳೆಗಾಗಿ ಕಾಯುವವರಂತೂ ಎಲ್ಲರೂ. ಆದರೆ ಮೀನಿಗಾಗಿ ಕಾಯುವವರುಂಟೆಂದರೆ ಹೊರಗಿನವರು ನಗುತ್ತಾರೆ. ನಗುವವರಿಗೆ ಮಾರಿಕಣಿವೆಯ ವಿಷಯ ತಿಳಿಯದು. ಎರಡು ಬೆಟ್ಟಗಳ ನಡುವೆ ಹರಿಯುವ ವೇದಾವತಿಗೆ ಅಡ್ಡಲಾಗಿ, 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿ, ಮೈಸೂರಿನ ರೀಜೆಂಟ್ ಮಹಾರಾಣಿಯವರ ಹೆಸರಿನಲ್ಲಿ ವಾಣಿವಿಲಾಸ ಸಾಗರವೆಂದು ಕರೆದ ಆ ಜಲಾಶಯದ ಪೂರ್ಣಮಟ್ಟ 130 ಅಡಿ. ಅದು 1933ರಲ್ಲೊಮ್ಮೆ ಕೋಡಿ ಬಿದ್ದಿತು. ಆಮೇಲೆ ಕೋಡಿ ಬಿದ್ದುದು 2022ರಲ್ಲಿ. ನಡುವಣ 89 ವರ್ಷಗಳ ಕಾಲ ಮೂರು ತಲೆಮಾರಿನ ಜನ ಅಣೆಕಟ್ಟೆಯ ಮೇಲೆ ನಿಂತು ನೀರಿನ ಮಟ್ಟವನ್ನು ನೋಡಿ, ‘ಈ ವರ್ಷವೂ ಇಲ್ಲ’ವೆಂದು ಮನೆಗೆ ಮರಳಿದ್ದಾರೆ. ಭದ್ರೆಯ ನೀರೂ ಬಂದು ಸೇರತೊಡಗಿದ ಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತೆಂಬುದು ನಿಜವಾದರೂ, ಕಾಯುವ ವಿದ್ಯೆಯಲ್ಲಿ ನಮ್ಮ ಸೀಮೆಯವರಿಗೆ ಇರುವ ಪರಿಶ್ರಮವನ್ನು ಅದರಿಂದ ಅಲ್ಲಗಳೆಯಲಾಗದು. ಗಾಳ ಹಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ಯೋಗ್ಯತೆ ಬೇಡ.

ಇಷ್ಟು ತಾಳ್ಮೆಯುಳ್ಳ ಜನರ ನಡುವೆ ಕ್ಯಾಮೆರಾವೆಂಬ ತಾಳ್ಮೆಯಿಲ್ಲದ ಯಂತ್ರ ಪ್ರವೇಶಿಸಿತು. ಸೆಲೂಲಾಯ್ಡ್ ರೋಲಿನ ಕಾಲದಲ್ಲಿ ಈ ಕಷ್ಟವಿರಲಿಲ್ಲ. ಹಿಂದೆ ಮನೆಮನೆಯಲ್ಲಿ ಕಾಣುತ್ತಿದ್ದ ಆಗ್ಫಾ ಕ್ಲಿಕ್ ಡಬ್ಬಿಯಲ್ಲಿ ಒಂದು ರೋಲಿಗೆ 12 ಚಿತ್ರಗಳು. ಅವುಗಳಲ್ಲಿ ಮದುವೆ, ನಾಮಕರಣ, ಅಜ್ಜನ ಪಾಸ್‌ಪೋರ್ಟ್ ಸೈಜು ಎಲ್ಲವೂ ಮುಗಿದು ಮಿಕ್ಕ ಒಂದೇ ಒಂದನ್ನು, ಮೀನು ದಡಕ್ಕೆ ಬಂದು ಒದ್ದಾಟ ನಿಂತ ಮೇಲೆ ಕ್ಲಿಕ್ಕಿಸುತ್ತಿದ್ದರು. ಮೀನು ಎಷ್ಟು ಹೊತ್ತು ಸೆಣಸಿತು, ದಾರವನ್ನು ಎಷ್ಟು ದೂರ ಎಳೆದೊಯ್ದಿತು, ಹಿಡಿದವನು ಯಾವ ಯಾವ ಸಾಹಸಗಳನ್ನು ಮೆರೆದನು ಎಂಬ ಪೂರ್ವಕಥೆಯೆಲ್ಲವೂ ಹಿಡಿದವನ ಬಾಯಿಗೇ ಬಿಟ್ಟ ವಿಷಯವಾಗಿತ್ತು. ಈಗ ಕೇಳುವವರು ಕಥೆಯನ್ನು ಕೇಳುವುದಿಲ್ಲ, ‘ವೀಡಿಯೋ ಎಲ್ಲಿ?’ ಎಂದು ಕೇಳುತ್ತಾರೆ.

ಆದುದರಿಂದ ಒಂದು ಕ್ಯಾಮೆರಾ ಕೊಳ್ಳುವುದೆಂದು ನಿಶ್ಚಯಿಸಿ ದುರ್ಗದ ಅಂಗಡಿಯೊಂದನ್ನು ಹೊಕ್ಕಾಗ, ಅಲ್ಲಿದ್ದ ತರುಣನು ಬಲು ವಿನಯದಿಂದ, “ಮದ್ವೆ ಫೋಟೋಗ್ರಫಿಗಾ ಸಾರ್, ವ್ಲಾಗಿಗಾ?” ಎಂದು ಕೇಳಿದನು. ಮೀನು ಹಿಡಿಯುವುದಕ್ಕೆ ಎಂದೆ. ಆತನು ಕ್ಷಣಕಾಲ ಯೋಚಿಸಿ, “ಅದಕ್ಕೆ ಬಲೆ ಬೇಕಾಗುತ್ತೆ ಸಾರ್” ಎಂದನು. ಪ್ರಯೋಜನವನ್ನು ವಿವರಿಸಿದ ಮೇಲೆ ಮೆಗಾಪಿಕ್ಸೆಲ್ಲುಗಳ ಮಹಿಮೆಯನ್ನು ವರ್ಣಿಸತೊಡಗಿದನು. ಅರಶಿನ ಹಚ್ಚಿಸಿಕೊಳ್ಳುವ ವಧುವಿನ ರೆಪ್ಪೆಕೂದಲನ್ನು ಎಣಿಸಲು ಉಪಯುಕ್ತವಾದ ಆ ಸಂಖ್ಯೆಗಳು, ಮೊಣಕಾಲುದ್ದ ಕೆಸರಿನಲ್ಲಿ ನಿಂತವನಿಗೆ ಏನು ಉಪಕಾರ ಮಾಡಬಲ್ಲವೆಂಬುದಕ್ಕೆ ಮಾತ್ರ ಆತನಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನನ್ನು ಫೋನಿನಲ್ಲಿ ವಿಚಾರಿಸಿದರೆ, “ಮಾವ, ಮೊದಲು ಬಜೆಟ್ ಹೇಳಿ” ಎಂದನು. ಹೇಳಿದ ಮೇಲೆ, “ಹಾಗಾದರೆ ಇರೋ ಮೊಬೈಲೇ ಸಾಕು ಮಾವ” ಎಂದನು.

ಮೊಬೈಲಿನ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈಚಿನ ಮೊಬೈಲುಗಳಲ್ಲಿ ಅನೇಕವು ನೀರಿಗೆ ಅಂಜುವುದಿಲ್ಲ, ಚಿತ್ರವೂ ಸೊಗಸು. ಆದರೆ ಗಾಳ ಹಾಕುವವನ ಕೈಯನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಶೇಂಗಾ ಹಿಂಡಿಯನ್ನು ಕುಟ್ಟಿ, ತೌಡು ಬೆರೆಸಿ, ನೀರು ಚಿಮುಕಿಸಿ, ರಾಗಿಮುದ್ದೆಯ ಹದಕ್ಕೆ ನಾದಿ ಕೊಕ್ಕೆಗೆ ಮೆತ್ತಿದ ಮೇಲೆ ಆ ಹಿಟ್ಟು ಉಗುರಿನ ಸಂದಿಯಲ್ಲಿಯೂ ಹೆಬ್ಬೆರಳಿನ ಗೆರೆಗಳಲ್ಲಿಯೂ ಒಣಗಿ ಕೂತಿರುತ್ತದೆ. ಅದರ ಮೇಲೆ ಹಿಂದಿನ ಮೀನಿನ ಲೋಳೆ, ಲೋಳೆಗೆ ಅಂಟಿದ ಎರಡು ಹುರುಪೆ, ಇಷ್ಟರ ಮೇಲೆ ಕೆರೆಯ ನೀರು. ಈ ಬೆರಳು ಮೊಬೈಲಿನ ಗಾಜನ್ನು ಸೋಕಿದರೆ ಅದು ನಮ್ಮನ್ನು ಯಜಮಾನರೆಂದೇ ಗುರುತಿಸುವುದಿಲ್ಲ. ಬೆಂಡು ಮುಳುಗಿ, ದಾರ ಬಿಗಿದು, ಕೋಲು ಬಾಗಿ ನಿಂತ ಆ ಮಹಾಮುಹೂರ್ತದಲ್ಲಿ, ಯಂತ್ರವು ನಮ್ಮಿಂದ ನಾಲ್ಕಂಕಿಯ ಗುಪ್ತಸಂಖ್ಯೆಯನ್ನು ಅಪೇಕ್ಷಿಸುತ್ತದೆ.

ದೊಡ್ಡ ಲೆನ್ಸಿನ ಕ್ಯಾಮೆರಾಕ್ಕೆ ಎರಡು ಕೈ ಬೇಕು, ಗಾಳದ ಕೋಲಿಗೂ ಎರಡು ಕೈ ಬೇಕು. ಚತುರ್ಭುಜರಲ್ಲದವರು ಆ ಆಸೆಯನ್ನು ಬಿಡುವುದೇ ಲೇಸು. ಡ್ರೋನಿನ ವಿಚಾರವೂ ಒಮ್ಮೆ ಬಂದಿತು. ಗುಡ್ಡದ ಮೇಲಿನಿಂದ ನೋಡಿದರೆ ಮಾರಿಕಣಿವೆಯ ಹಿನ್ನೀರು ಭಾರತದ ಭೂಪಟದಂತೆ ಕಾಣುತ್ತದೆಂದು ಜನ ಹೇಳುತ್ತಾರಾದುದರಿಂದ, ಮೇಲಿನಿಂದ ತೆಗೆದ ಚಿತ್ರಕ್ಕೆ ದೇಶಭಕ್ತಿಯ ಶೋಭೆಯೂ ಒದಗುತ್ತಿತ್ತು. ಆದರೆ ಅಣೆಕಟ್ಟೆಯ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಅಂಥದನ್ನು ಹಾರಿಸಿದರೆ ಮೀನಿಗಿಂತ ಮೊದಲು ನಾವೇ ಸಿಕ್ಕಿಬೀಳುತ್ತೇವೆ. ಅಲ್ಲದೆ ಆಕಾಶದಲ್ಲಿ ನೆರಳಾಡಿದರೆ ಗರುಡನೇ ಬಂದನೆಂದು ಮೀನು ಆಳಕ್ಕಿಳಿಯುತ್ತದೆ.

ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಕೊನೆಗೆ ಉಳಿಯುವುದು ಆ್ಯಕ್ಷನ್ ಕ್ಯಾಮೆರಾವೆಂಬ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ವಸ್ತು. ಅಲೆಗಳ ಮೇಲೆ ಹಲಗೆಯೇರಿ ಜಾರುವ ಆಟದ ಹುಚ್ಚಿದ್ದ ನಿಕ್ ವುಡ್‌ಮನ್ ಎಂಬ ಅಮೆರಿಕದ ತರುಣನು, ಆಡುವಾಗಲೇ ತನ್ನ ಚಿತ್ರ ತೆಗೆದುಕೊಳ್ಳಬೇಕೆಂಬ ಹಂಬಲದಿಂದ 2002ರಲ್ಲಿ ಗೋಪ್ರೋ ಕಂಪನಿಯನ್ನು ಕಟ್ಟಿ, 2004ರಲ್ಲಿ ಮೊದಲನೆಯ ಕ್ಯಾಮೆರಾವನ್ನು ಮಾರಾಟಕ್ಕೆ ತಂದನು. ಅದು ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಫಿಲ್ಮ್ ರೋಲಿನ ಕ್ಯಾಮೆರಾ. ಅದರ ಇಂದಿನ ಸಂತತಿಯನ್ನು ಎದೆಗೋ ಟೋಪಿಗೋ ಬಿಗಿದುಕೊಂಡರೆ ಎರಡು ಕೈಗಳೂ ಬಿಡುವಾಗುತ್ತವೆ. ನೀರಿನಲ್ಲಿ 10 ಮೀಟರಿನವರೆಗೆ, ಅಂದರೆ 33 ಅಡಿಯವರೆಗೆ, ಅದಕ್ಕೆ ಅಪಾಯವಿಲ್ಲ. 130 ಅಡಿಯ ಜಲಾಶಯದಲ್ಲಿ ಈ ಅಭಯದ ಬೆಲೆಯೆಷ್ಟೆಂಬುದನ್ನು ಲೆಕ್ಕ ಬಲ್ಲವರು ಊಹಿಸಿಕೊಳ್ಳಬಹುದು. ಗಾಳಕ್ಕೆ ಕಟ್ಟುವ ಬೆಂಡಿನ ದೊಡ್ಡಣ್ಣನೊಂದನ್ನು ಕ್ಯಾಮೆರಾಕ್ಕೂ ಕಟ್ಟುವುದು ಕ್ಷೇಮ.

ಅದನ್ನು ಎದೆಗೆ ಬಿಗಿದುಕೊಂಡು ದಡದಲ್ಲಿ ಕುಳಿತಿದ್ದಾಗ, ಹರಿಗೋಲಿನಲ್ಲಿ ಬಂದ ಮುದುಕನೊಬ್ಬನು ಹುಟ್ಟು ನಿಲ್ಲಿಸಿ, “ಯಾಕ್ ಸಾಮಿ, ಎದೀಗೆ ಅದೇನ್ ಕಟ್ಕಂಡಿದೀರಿ? ಬೀಪಿ ನೋಡೋ ಮಿಷನ್ನಾ?” ಎಂದು ಕಳಕಳಿಯಿಂದ ವಿಚಾರಿಸಿದನು.

“ಕ್ಯಾಮೆರಾ ಅಜ್ಜ. ಮೀನು ಹಿಡಿಯೋದನ್ನ ಅದು ನೋಡ್ತಾ ಇರುತ್ತೆ.”

“ನೋಡ್ಲಿ ಬಿಡ್ರಿ. ನೋಡಾಕೆ ಏನಾರ ಸಿಗ್ಬೇಕಲ್ಲ” ಎಂದು, ತುಂಬಿದ ಬಲೆಯನ್ನು ಹರಿಗೋಲಿನೊಳಕ್ಕೆ ಎಳೆದುಕೊಂಡು ಹೊರಟುಹೋದನು. ಆ ಬಲೆಯ ವೀಡಿಯೋ ಯಾರಲ್ಲಿಯೂ ಇಲ್ಲ.

ಮುದುಕನ ಮಾತಿನಲ್ಲಿ ಕ್ಯಾಮೆರಾಶಾಸ್ತ್ರದ ಸಾರವೇ ಅಡಗಿತ್ತು. ಮತ್ಸ್ಯವಿನೋದದಲ್ಲಿ ಮತ್ಸ್ಯ ಬರುವುದು ನಿಮಿಷಮಾತ್ರ, ಉಳಿದುದೆಲ್ಲ ನಿರೀಕ್ಷೆ. ಬೆಳಗಿನಿಂದ ಚಾಲೂ ಇಟ್ಟರೆ, ಸೆಕೆಂಡಿಗೆ 60 ಮೆಗಾಬಿಟ್ಟಿನಂತೆ ತುಂಬುವ ಚಿತ್ರವು ಗಂಟೆಯೊಂದಕ್ಕೆ 27 ಜಿಬಿಯನ್ನು ನುಂಗುತ್ತದೆ. ಆ 27 ಜಿಬಿಯಲ್ಲಿರುವುದು ಒಂದು ಬೆಂಡು. ಬ್ಯಾಟರಿಯಂತೂ 89 ವರ್ಷ ಕಾದ ಸೀಮೆಯಲ್ಲಿ ಒಂದೂವರೆ ಗಂಟೆ ಕಾಯುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ. ಮೀನು ಅದನ್ನು ಹೇಗೋ ತಿಳಿದುಕೊಂಡು, ಕೆಂಪು ದೀಪ ಆರಿದ ಮೇಲೆಯೇ ಗಾಳ ಕಚ್ಚುತ್ತದೆ. ಈ ದುಃಖವನ್ನು ಕಂಡೋ ಏನೋ, 2020ರಲ್ಲಿ ಬಂದ ಗೋಪ್ರೋ ಹೀರೋ 9ರಲ್ಲಿ ಒಂದು ವಿಚಿತ್ರವಾದ ಸೌಕರ್ಯವನ್ನು ಕಲ್ಪಿಸಿದರು: ಗುಂಡಿ ಒತ್ತುವುದಕ್ಕೆ ಮುಂಚಿನ 30 ಸೆಕೆಂಡುಗಳನ್ನೂ ಅದು ಉಳಿಸಿಕೊಡುತ್ತದೆ. ಸಂಭವಿಸಿದ ಮೇಲೆ ಒತ್ತಿದರೂ ಸಂಭವಿಸುವುದಕ್ಕೆ ಮೊದಲಿನದು ದೊರೆಯುತ್ತದೆಂಬ ಈ ವರವನ್ನು ಮನುಷ್ಯನ ಬೇರೆ ವ್ಯವಹಾರಗಳಿಗೂ, ಮುಖ್ಯವಾಗಿ ಈರುಳ್ಳಿಯ ಮಾರಾಟಕ್ಕೂ, ವಿಸ್ತರಿಸಿದ್ದರೆ ನಮ್ಮ ಸೀಮೆಯ ರೈತರು ಆ ಕಂಪನಿಯ ಹೆಸರಿನಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಈ ವರಕ್ಕೂ ಒಂದು ದಂಡವುಂಟು: ಕಳೆದುದನ್ನು ಹಿಡಿದಿಟ್ಟುಕೊಳ್ಳಬೇಕಾದರೆ ಯಂತ್ರವು ಸದಾ ಎಚ್ಚರವಾಗಿರಬೇಕು, ಎಚ್ಚರವಾಗಿದ್ದರೆ ಬ್ಯಾಟರಿ ಸವೆಯಬೇಕು. ಕ್ಯಾಮೆರಾ ಒಂದಿದ್ದರೆ ಬ್ಯಾಟರಿ ಮೂರಿರತಕ್ಕದ್ದು.

ನಮ್ಮ ಜಿಲ್ಲೆಯ ಗಾಳಿಯ ವಿಷಯವನ್ನು ಪೇಟೆಯ ಅಂಗಡಿಯವರು ಹೇಳುವುದಿಲ್ಲ. ದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿದವರು ಅಲಂಕಾರಕ್ಕಾಗಿ ನಿಲ್ಲಿಸಲಿಲ್ಲ. ಆಷಾಢದಲ್ಲಿ ಹಿನ್ನೀರಿನ ದಡದಲ್ಲಿ ತೆಗೆದ ವೀಡಿಯೋವನ್ನು ಮನೆಯಲ್ಲಿ ಹಾಕಿದರೆ, ಹೆದ್ದಾರಿಯ ಲಾರಿಗಳೆಲ್ಲ ಒಮ್ಮೆಗೇ ನಡುಮನೆಗೆ ನುಗ್ಗಿದವೆಂದು ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಮೈಕಿನ ರಂಧ್ರಕ್ಕೆ ತುಪ್ಪಳದಂಥ ಟೋಪಿಯೊಂದನ್ನು ತೊಡಿಸಿದರೆ ಈ ಗದ್ದಲ ತಕ್ಕಮಟ್ಟಿಗೆ ಅಡಗುತ್ತದೆ. ಅಡಗಿದಾಗ ಕೇಳಿಬರುವುದು ನಾವು ಬೆಳಗಿನಿಂದ ಆಡಿದ ಮಾತುಗಳು. ಅವುಗಳಲ್ಲಿ ಮನೆಯವರು ಕೇಳಬಾರದ ಭಾಗ ಬಹಳವಿರುವುದರಿಂದ, ಟೋಪಿ ತೊಡಿಸುವ ಮುನ್ನ ವಿವೇಚನೆ ಅಗತ್ಯ.

ನೀರಿನ ಮೇಲಿನ ಬಿಸಿಲಿನ ಝಳಪನ್ನು ಕಳೆಯಲು ಪೋಲರೈಸರ್ ಎಂಬ ಕಪ್ಪು ಗಾಜೊಂದುಂಟು. ನೀರಿನಿಂದ ಪ್ರತಿಫಲಿಸಿ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವುದರಿಂದ ಆ ಗಾಜನ್ನು ಸರಿಯಾಗಿ ತಿರುಗಿಸಿದರೆ ಅದನ್ನು ತಡೆಯಬಹುದು. ಯಾವ ಕೋನದಲ್ಲಿ ಇದು ಪೂರ್ಣವಾಗಿ ಫಲಿಸುತ್ತದೆಂಬ ನಿಯಮವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ಪ್ರಕಟಿಸಿದನು. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿಯ ಓರೆಯಲ್ಲಿ ನೋಡಿದರೆ, ಕನ್ನಡಿಯಾಗಿದ್ದ ನೀರು ಕಿಟಕಿಯಾಗಿ, ನಮ್ಮ ಎರೆಯ ಪಕ್ಕದಲ್ಲಿಯೇ ರೋಹುವೊಂದು ನಿಂತು, ಮೂಸಿ, ಮುಖ ತಿರುಗಿಸಿಕೊಂಡು ಹೋಗುವುದು ಸ್ಫುಟವಾಗಿ ಕಾಣುತ್ತದೆ. ಕಾಣದಿದ್ದಾಗ ‘ಇಲ್ಲಿ ಮೀನಿಲ್ಲ’ವೆಂಬ ಸಮಾಧಾನವಾದರೂ ಇತ್ತು. ವಿಜ್ಞಾನವು ಅದನ್ನೂ ಕಸಿದುಕೊಂಡಿತು.

ಇನ್ನುಳಿದುದು ಗಾತ್ರದ ಪ್ರಶ್ನೆ. ಎಲ್ಲವೂ ಇದಕ್ಕಾಗಿಯೇ ಅಲ್ಲವೆ? ಕ್ಯಾಮೆರಾ ಬಂದರೆ ಬೆಸ್ತರಲ್ಲದ ಬೆಸ್ತರ ಬಡಾಯಿ ಕೊನೆಗಾಣುವುದೆಂದು ಸತ್ಯಸಂಧರು ಆಶಿಸಿದ್ದರು. ಆ್ಯಕ್ಷನ್ ಕ್ಯಾಮೆರಾದ ವಿಶಾಲಕೋನದ ಲೆನ್ಸು ಆ ಆಸೆಯನ್ನು ನಿರ್ಮೂಲ ಮಾಡಿತು. ಲೆನ್ಸಿನಿಂದ ನಾಲ್ಕಡಿ ದೂರದಲ್ಲಿ ಎದೆಗವಚಿ ಹಿಡಿದ ಕಾಟ್ಲಾವನ್ನು ತೋಳು ನೀಡಿ ಎರಡಡಿಗೆ ತಂದರೆ ಅದು ಚಿತ್ರದಲ್ಲಿ ಎರಡರಷ್ಟು ಉದ್ದವಾಗುತ್ತದೆ, ಹಿಡಿದವನು ಮಾತ್ರ ಇದ್ದಷ್ಟೇ ಇರುತ್ತಾನೆ. ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟಾಗಬೇಕೆಂಬ ಗಣಿತವನ್ನು ನೋಡುವವನ ಮನಸ್ಸೇ ಮಾಡಿಕೊಳ್ಳುತ್ತದೆ. ನಾವು ಸುಳ್ಳಾಡುವ ಪ್ರಮೇಯವೇ ಬರುವುದಿಲ್ಲ. ಇಂಥ ಅನುಕೂಲವಿಲ್ಲದ 1946ರಲ್ಲಿ, ಬೇಟೆಯ ಪ್ರಾಣಿಗಳ ತೊಗಲನ್ನು ಸಜೀವವೆನಿಸುವಂತೆ ಸಿದ್ಧಪಡಿಸುವುದರಲ್ಲಿ ಪ್ರಸಿದ್ಧರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ಆ ದಾಖಲೆಯನ್ನು ಇಂದಿಗೂ ಗೌರವದಿಂದ ಹೇಳುವುದು ಯಾವ ಲೆನ್ಸಿನ ಬಲದಿಂದಲೂ ಅಲ್ಲ, ತಕ್ಕಡಿಯ ಬಲದಿಂದ. ದೊಡ್ಡ ಮೀನು ಹಿಡಿದವನಿಗೆ ತಕ್ಕಡಿ ಸಾಕು; ಕ್ಯಾಮೆರಾ ಬೇಕಾಗುವುದು ನಮ್ಮಂಥವರಿಗೆ.

ಆದ್ದರಿಂದ ಈ ವಿನೋದಕ್ಕೆ ಕ್ಯಾಮೆರಾ ಕೊಳ್ಳಹೊರಟವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮೊದಲು ಮೀನುಗಾರಿಕೆ ಇಲಾಖೆಯವರನ್ನು ಕಂಡು, ಎಲ್ಲಿ ಗಾಳ ಹಾಕಬಹುದೆಂದು ವಿಚಾರಿಸಿ ಪರವಾನಗಿ ಪಡೆಯಿರಿ. ಮೆಗಾಪಿಕ್ಸೆಲ್ಲಿನ ಮಾತಿಗೆ ಮರುಳಾಗದೆ, ಎದೆಗೆ ಕಟ್ಟುವ ಸಣ್ಣ ಕ್ಯಾಮೆರಾ ಒಂದು, ಬ್ಯಾಟರಿ ಮೂರು, ಮೈಕಿಗೊಂದು ಟೋಪಿ, ತೇಲುವುದಕ್ಕೊಂದು ಬೆಂಡು, ಬೆರಳೊರಸಿಕೊಳ್ಳಲು ಒಣಗಿದ ಟವೆಲ್ಲು, ಇಷ್ಟನ್ನು ಕೊಳ್ಳಿರಿ. ಮೀನು ಸಿಕ್ಕರೆ ತೋಳು ಪೂರ್ತಿ ಮುಂದಕ್ಕೆ ನೀಡಿರಿ. ತಕ್ಕಡಿಯನ್ನು ಮಾತ್ರ, ಯಾರು ಎಷ್ಟು ಒತ್ತಾಯಿಸಿದರೂ, ಚೌಕಟ್ಟಿನೊಳಗೆ ಬರಗೊಡಬೇಡಿರಿ.